ಚಿತ್ರಕಾರರ ನಿಧನದ ನಂತರ ಅವರ ಕೃತಿಗಳು ಯಾರಿಗೆ ಸೇರುತ್ತವೆ?

ಕಲಾವಿದರು ತೀರಿಕೊಂಡ ಮೇಲೆ ಅವರ ಚಿತ್ರಗಳು ಏನಾಗುತ್ತವೆ ಎಂಬ ಪ್ರಶ್ನೆಗೆ ಉತ್ತರಿಸುವಾಗ ಎರಡು ಹಕ್ಕುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮಾರಾಟವಾದ ಚಿತ್ರ ಕೊಂಡವರದೇ ಆಗಿ ಉಳಿಯುತ್ತದೆ. ಆದರೆ ಅದನ್ನು ಅಚ್ಚು ಹಾಕಿಸುವ, ಪ್ರತಿ ಮಾಡುವ ಹಕ್ಕು, ಅಂದರೆ ಕೃತಿಸ್ವಾಮ್ಯವು, ಬರವಣಿಗೆಯಲ್ಲಿ ವರ್ಗಾವಣೆಯಾಗಿರದಿದ್ದರೆ ಸಾಮಾನ್ಯವಾಗಿ ವಾರಸುದಾರರಿಗೆ ಹೋಗುತ್ತದೆ ಮತ್ತು ಹಲವು ದೇಶಗಳಲ್ಲಿ ನಿಧನಾನಂತರ 70 ವರ್ಷ ಊರ್ಜಿತದಲ್ಲಿರುತ್ತದೆ.

ಮಾರಾಟವಾಗದೆ ಉಳಿದವು ಉಯಿಲಿನಂತೆ, ಉಯಿಲಿಲ್ಲದಿದ್ದರೆ ಉತ್ತರಾಧಿಕಾರದ ಕಾನೂನಿನಂತೆ ಹಂಚಿಕೆಯಾಗುತ್ತವೆ. 1973ರಲ್ಲಿ ಉಯಿಲು ಬರೆಯದೆ ತೀರಿಕೊಂಡ ಪಿಕಾಸೊ ಅವರ ವಾರಸುದಾರರು ತೆರಿಗೆಯ ಬದಲು ಫ್ರಾನ್ಸ್ ಸರ್ಕಾರಕ್ಕೆ ಕೃತಿಗಳನ್ನೇ ಒಪ್ಪಿಸಿದರು. 1985ರಲ್ಲಿ ಪ್ಯಾರಿಸ್‌ನಲ್ಲಿ ತೆರೆದ ಅವರ ಸಂಗ್ರಹಾಲಯಕ್ಕೆ ಅವೇ ಆಧಾರವಾದವು.

ಆದರೆ ನನ್ನ ದೃಷ್ಟಿಯಲ್ಲಿ ಕಾನೂನಿಗಿಂತ ದೊಡ್ಡದು ಉಳಿದವರ ಕಾಳಜಿ. ವಾನ್ ಗೋ 1890ರಲ್ಲಿ, ಅವರ ತಮ್ಮ ಥಿಯೋ ಮರುವರ್ಷದ ಜನವರಿಯಲ್ಲಿ ತೀರಿಕೊಂಡಾಗ, ಇನ್ನೂ ವರ್ಷ ತುಂಬದ ಮಗುವಿನೊಂದಿಗೆ ಉಳಿದ ಥಿಯೋ ಅವರ ಪತ್ನಿ ಯೊಹಾನ್ನಾ, ಕೊಳ್ಳುವವರಿಲ್ಲದ ನೂರಾರು ಚಿತ್ರಗಳನ್ನು ಜೋಪಾನ ಮಾಡಿ, ಪ್ರದರ್ಶನಗಳಿಗೆ ಕಳುಹಿಸಿ, ವಾನ್ ಗೋ ಥಿಯೋಗೆ ಬರೆದಿದ್ದ ಪತ್ರಗಳನ್ನೂ 1914ರಲ್ಲಿ ಪ್ರಕಟಿಸಿದರು. ಆದ್ದರಿಂದ ವಾರಸುದಾರರು ಮೊದಲು ಮಾಡಬೇಕಾದದ್ದು ಪಟ್ಟಿ: ಪ್ರತಿ ಚಿತ್ರದ ಅಳತೆ, ಮಾಧ್ಯಮ, ಛಾಯಾಚಿತ್ರ. ಕ್ಯಾನ್ವಾಸಿನ ಹಿಂಬದಿಯನ್ನೂ ತಪ್ಪದೆ ನೋಡಿ. ಸಹಿಯೇ ಇಲ್ಲದ ಚಿತ್ರಕ್ಕೆ ಅಲ್ಲಿ ಪೆನ್ಸಿಲಿನಲ್ಲಿ ಗೀಚಿದ ಒಂದು ಇಸವಿಯೇ ಮುಂದೆ ಗುರುತಾಗಬಹುದು.