ಬೈಬಲ್ಲಿನ ಕಥೆಯಲ್ಲಿ, ಗುಲಾಮರಾಗಿದ್ದ ಇಬ್ರಿಯರನ್ನು (ಯಹೂದಿಗಳ ಪೂರ್ವಜರು) ಬಿಡಿಸಲು ದೇವರು ಈಜಿಪ್ಟಿನ ಮೇಲೆ ಹತ್ತು ಪಿಡುಗುಗಳನ್ನು ತರುತ್ತಾನೆ. ಮೊದಲನೆಯದರಲ್ಲಿ, ನೀರು ರಕ್ತವಾಗಲೆಂದು ನೈಲ್ ನದಿಗೆ ಕೋಲಿನಿಂದ ಹೊಡೆದದ್ದು ಆರೋನ. ಇಬ್ರಿಯರ ನಾಯಕ, ಅವನ ತಮ್ಮ ಮೋಶೆ ಯಾಕೆ ಹೊಡೆಯಲಿಲ್ಲ?

ಯಹೂದಿ ವ್ಯಾಖ್ಯಾನಕಾರರು ಹೇಳುವ ಕಾರಣ: ಮೋಶೆಗೆ ಆ ನದಿಯ ಋಣವಿತ್ತು. ಇಬ್ರಿಯರ ಗಂಡುಮಕ್ಕಳನ್ನು ಕೊಲ್ಲಲು ಈಜಿಪ್ಟಿನ ರಾಜ ಫರೋಹ ಅಪ್ಪಣೆ ಕೊಟ್ಟಿದ್ದಾಗ, ಹಸುಳೆ ಮೋಶೆಯನ್ನು ಬುಟ್ಟಿಯಲ್ಲಿಟ್ಟು ಬಚ್ಚಿಟ್ಟಿದ್ದು ಅದರ ದಡದಲ್ಲೇ. ಹಾಗಾಗಿ ನೀರನ್ನು ರಕ್ತವಾಗಿಸುವ ಕೆಲಸ (ವಿಮೋಚನಕಾಂಡ 7:19) ಅಣ್ಣ ಆರೋನನ ಪಾಲಿಗೆ ಬಂತು. 11ನೇ ಶತಮಾನದ ಫ್ರಾನ್ಸ್‌ನ ಪಂಡಿತ ರಾಶಿ ಹೀಗೇ ವಿವರಿಸುತ್ತಾರೆ.

ನೀರಿಗೇನು ನೋವಾಗುತ್ತಾ? ಇಲ್ಲ. ಉಪಕಾರ ನೆನೆಯುವ ಅಭ್ಯಾಸ ಬೇಕಿದ್ದದ್ದು ಮೋಶೆಗೆ. ಜಡವಸ್ತುವಿನ ಋಣವನ್ನೇ ಮರೆಯದವನು ಮನುಷ್ಯರದ್ದನ್ನು ಸುಲಭಕ್ಕೆ ಮರೆಯುವುದಿಲ್ಲ, ಅಲ್ವಾ?

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಮೂರನೆಯ ಪಿಡುಗು. ಹೇನು ಬರಲೆಂದು ನೆಲದ ಧೂಳಿಗೆ ಹೊಡೆದವನೂ ಆರೋನನೇ. ಯಾಕೆಂದರೆ ಮೋಶೆ ಹಿಂದೊಮ್ಮೆ ಈಜಿಪ್ಟಿನವನೊಬ್ಬನನ್ನು ಕೊಂದಾಗ, ಹೆಣವನ್ನು ಮುಚ್ಚಿಟ್ಟಿದ್ದು ಆ ನೆಲದ ಮರಳು.