ಹೆವಿ ಮೆಟಲ್‌ನಿಂದ ಪ್ರಾಣಿಗಳು ನಿಜವಾಗಲೂ ಸಾಯುತ್ತವಾ, ಅಥವಾ ಸುಮ್ನೆ ಹೆದರಿಸುತ್ತಾರಾ?

ನೀವು ಕೇಳಿರೋದು ಇಷ್ಟು: ‘ಸೀಸ, ಪಾದರಸದಂಥ ಹೆವಿ ಮೆಟಲ್ (ಭಾರ ಲೋಹ) ವಿಷ ಅಂತ ಪೇಪರಿನಲ್ಲಿ ಓದುತ್ತೇನೆ. ಆದರೆ ಅದರಿಂದ ಸತ್ತ ಒಂದು ಪ್ರಾಣಿಯನ್ನೂ ಕಂಡಿಲ್ಲ. ನಮ್ಮೂರ ಸುತ್ತ ದೊಡ್ಡ ಫ್ಯಾಕ್ಟರಿಯೂ ಇಲ್ಲ. ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು?’

ನಾನು ಕಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಾನೇನು ವಿಜ್ಞಾನಿ ಅಲ್ಲ. ದಾವಣಗೆರೆಯಲ್ಲಿ ಬ್ಯಾಟರಿ, ಇನ್ವರ್ಟರ್ ಅಂಗಡಿ ಇಟ್ಟುಕೊಂಡು ಹದಿನಾರು ವರ್ಷ ಆಯಿತು. ನನ್ನ ಹೊಟ್ಟೆ ತುಂಬಿಸುತ್ತಿರೋದೇ ಸೀಸ.

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸೋದರಮಾವ ಇದ್ದಾರೆ. ಮೂರು ವರ್ಷದ ಹಿಂದೆ ಯುಗಾದಿಗೆ ಅಲ್ಲಿಗೆ ಹೋಗಿದ್ದೆ. ರಾತ್ರಿ ಜಗುಲಿ ಮೇಲೆ ಮಲಗಿದ್ದಾಗ ಕೊಟ್ಟಿಗೆಯಿಂದ ಒಂದು ಸದ್ದು. ಕರಕರ ಅಂತ, ಕಲ್ಲಿಗೆ ಕಲ್ಲು ತಿಕ್ಕಿದ ಹಾಗೆ. ಟಾರ್ಚ್ ಹಿಡಿದು ನೋಡಿದರೆ ಎಂಟು ತಿಂಗಳ ಹೋರಿಗರು ಹಲ್ಲು ಕಡಿಯುತ್ತಾ ನಿಂತಿತ್ತು. ಬಾಯಲ್ಲಿ ಜೊಲ್ಲು. ಕಿವಿ ತಾವಾಗಿಯೇ ಅದುರುತ್ತಿದ್ದವು. ಬೆಳಗ್ಗೆ ಹೊತ್ತಿಗೆ ಅದು ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಂತುಬಿಟ್ಟಿತ್ತು. ಎಳೆದರೂ ಬರಲಿಲ್ಲ. ಕಣ್ಣ ಮುಂದೆ ಕೈ ಆಡಿಸಿದೆ, ರೆಪ್ಪೆ ಬಡಿಯಲಿಲ್ಲ. ಕಣ್ಣು ನೋಡಿದರೆ ಸ್ವಚ್ಛವಾಗಿಯೇ ಇತ್ತು, ಪೊರೆ ಇಲ್ಲ, ಕೀವು ಇಲ್ಲ. ಆದರೆ ಏನೂ ಕಾಣುತ್ತಿರಲಿಲ್ಲ.

‘ಹುಚ್ಚುನಾಯಿ ಕಚ್ಚಿರಬೇಕು ಕಣಪ್ಪ, ಹತ್ರ ಹೋಗಬೇಡ’ ಅಂದರು ಮಾವ.

ಡಾಕ್ಟರಿಗೂ ಮೊದಲು ಅದೇ ಅನುಮಾನ. ಗ್ಲೌಸ್ ಹಾಕಿಕೊಂಡೇ ಕೊಟ್ಟಿಗೆಗೆ ಇಳಿದರು. ಸ್ವಲ್ಪ ಹೊತ್ತು ನೋಡಿ ಹೊರಗೆ ಬಂದು ಕೇಳಿದರು: ‘ಯಜಮಾನ್ರೇ, ಬಣ್ಣದ ಡಬ್ಬಿ, ಹಳೇ ಬ್ಯಾಟರಿ ಇಂಥದ್ದು ಏನಾದ್ರೂ ಸುತ್ತಮುತ್ತ ಬಿದ್ದಿದೆಯಾ?’

ನನಗೆ ಎದೆ ಧಸಕ್ ಅಂತು. ಹಿಂದಿನ ವರ್ಷ ಮಾವನ ಟ್ರ್ಯಾಕ್ಟರಿಗೆ ಹೊಸ ಬ್ಯಾಟರಿ ಹಾಕಿಕೊಟ್ಟವನು ನಾನೇ. ಹಳೆಯದನ್ನು ವಾಪಸ್ ತಗೊಂಡು ಹೋಗಬೇಕಿತ್ತು. ‘ಇರಲಿ ಬಿಡು, ಯಾವುದಕ್ಕಾದ್ರೂ ಆಗುತ್ತೆ’ ಅಂದಿದ್ದರು, ಬಿಟ್ಟು ಬಂದಿದ್ದೆ. ತಿಪ್ಪೆ ಹತ್ತಿರ ಹೋಗಿ ನೋಡಿದೆ. ಡಬ್ಬ ಒಡೆದು ಒಳಗಿನ ಸೀಸದ ಪ್ಲೇಟುಗಳು ಹೊರಗೆ ಬಿದ್ದಿದ್ದವು. ಕೆಲವದರ ಮೇಲಿನ ಬೂದು ಪೇಸ್ಟು ನುಣ್ಣಗೆ ಸವೆದುಹೋಗಿತ್ತು. ನೆಕ್ಕಿ ನೆಕ್ಕಿ ಸವೆದದ್ದು.

ದನಗಳಿಗೆ ಆ ಉಪ್ಪುಪ್ಪು ರುಚಿ ಹಿಡಿಸುತ್ತದೆ. ಅದರಲ್ಲೂ ಕರುಗಳು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತವಲ್ಲ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ. ಡಾಕ್ಟರು ವಿಟಮಿನ್ ಬಿ-1 ಇಂಜೆಕ್ಷನ್ ಕೊಟ್ಟರು. ಹೊಟ್ಟೆಯಲ್ಲಿ ಉಳಿದ ಸೀಸ ರಕ್ತಕ್ಕೆ ಇಳಿಯದ ಹಾಗೆ ಮೆಗ್ನೀಸಿಯಂ ಸಲ್ಫೇಟ್ ಕುಡಿಸಿದರು. ಮೂರನೇ ದಿನ ಕರು ಹೋಯಿತು. ಅದೇ ತಿಪ್ಪೆ ಹತ್ತಿರ ಮೇಯುತ್ತಿದ್ದ ಹಸುವಿನ ಹಾಲನ್ನೂ ಸದ್ಯಕ್ಕೆ ಬಳಸಬೇಡಿ ಅಂದರು, ಸೀಸ ಹಾಲಿಗೂ ಇಳಿಯುತ್ತದಂತೆ. ನಮ್ಮತ್ತೆ ಹಾಲು ಕರೆದು ಗುಂಡಿಗೆ ಸುರಿಯುವಾಗ ನನ್ನ ಮುಖ ನೋಡಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸೀಸ ಯಾಕೆ ಅಷ್ಟು ಕೆಟ್ಟದ್ದು ಅಂದರೆ, ಮೈ ಅದನ್ನು ಕ್ಯಾಲ್ಸಿಯಂ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಮೂಳೆಯಲ್ಲಿ ಕೂತುಬಿಡುತ್ತದೆ, ನರಗಳ ಕೆಲಸ ಕೆಡಿಸುತ್ತದೆ, ರಕ್ತ ಆಗೋದನ್ನು ತಡೆಯುತ್ತದೆ. ಮೂಳೆಗೆ ಸೇರಿದ್ದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಜಮಾ ಉಂಟು, ಖರ್ಚು ಕಡಿಮೆ.

ನೀವು ಸತ್ತ ಪ್ರಾಣಿ ಕಂಡಿಲ್ಲ ಅಂದಿರಿ. ಹೌದು, ಕಾಣಲ್ಲ. ನಮ್ಮ ಕರು ರಾತ್ರಿ ಹಲ್ಲು ಕಡಿದಾಗ ಕೇಳಿಸಿಕೊಳ್ಳೋಕೆ ಜಗುಲಿ ಮೇಲೆ ಜನ ಇದ್ದರು. ಜಗಳೂರು ಕಡೆಯ ರಂಗಯ್ಯನದುರ್ಗದ ಕಾಡಿನ ನಾಲ್ಕು ಕೊಂಬಿನ ಕೊಂಡುಕುರಿಗೋ, ಜೋಗಿಮಟ್ಟಿಯ ಕರಡಿಗೋ ಹಾಗಾದರೆ ಯಾರು ಕೇಳುತ್ತಾರೆ? ಕಣ್ಣು ಕಾಣದ ಪ್ರಾಣಿ ಕಾಡಿನಲ್ಲಿ ಎರಡು ದಿನ ಉಳಿಯೋದೂ ಕಷ್ಟ. ಚಿರತೆ ತಿಂದರೆ ಚಿರತೆ ಲೆಕ್ಕಕ್ಕೆ, ಗಾಡಿಗೆ ಸಿಕ್ಕರೆ ಗಾಡಿ ಲೆಕ್ಕಕ್ಕೆ. ಸೀಸದ ಲೆಕ್ಕಕ್ಕೆ ಬರೋದೇ ಇಲ್ಲ.

ಲೆಕ್ಕಕ್ಕೆ ಬಂದ ಒಂದು ಕಡೆ ಅಂದರೆ ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿ ಕಾಂಡರ್ ಅಂತ ಭಾರಿ ಗಾತ್ರದ ರಣಹದ್ದು ಇದೆ. 1982ರಲ್ಲಿ ಉಳಿದಿದ್ದು ಬರೀ 22. ಅಷ್ಟು ಕಡಿಮೆ ಇದ್ದಿದ್ದರಿಂದ ಒಂದೊಂದರ ಮೇಲೂ ಕಣ್ಣಿಟ್ಟರು, ರೆಕ್ಕೆಗೆ ನಂಬರು ಕಟ್ಟಿದರು. ಹಾಗಾಗಿ ಸತ್ತದ್ದು ಯಾಕೆ ಅಂತ ಗೊತ್ತಾಯಿತು. ಬೇಟೆಗಾರರು ಹೊಡೆದ ಜಿಂಕೆಯ ಕರುಳನ್ನು ಕಾಡಲ್ಲೇ ಬಿಟ್ಟು ಹೋಗುತ್ತಿದ್ದರು. ಗುಂಡಿನ ಸೀಸದ ಚೂರು ಅದರಲ್ಲಿ. ಅದನ್ನು ತಿಂದ ಹದ್ದಿನ ಹೊಟ್ಟೆಯ ಆಸಿಡ್ ಸೀಸವನ್ನು ಕರಗಿಸುತ್ತಿತ್ತು. 2019ರಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ಬಂದ್. (ನಮ್ಮ ರಣಹದ್ದುಗಳ ಕತೆ ಬೇರೆ. ಅವುಗಳನ್ನು ಮುಗಿಸಿದ್ದು ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ. ಎರಡನ್ನೂ ಕಲಸಬೇಡಿ.)

ಬ್ರಿಟನ್ನಿನಲ್ಲಿ ಹಂಸಗಳಿಗೆ ಇನ್ನೂ ವಿಚಿತ್ರವಾಗಿ ಆಯಿತು. ಹಕ್ಕಿಗೆ ಹಲ್ಲಿಲ್ಲ ನೋಡಿ. ತಿಂದಿದ್ದನ್ನು ಅರೆಯೋಕೆ ಸಣ್ಣ ಕಲ್ಲು ನುಂಗುತ್ತವೆ, ನಮ್ಮ ನಾಟಿಕೋಳಿಯೂ ನುಂಗುತ್ತದೆ. ಗಾಳ ಹಾಕುವವರು ಬಿಟ್ಟ ಸೀಸದ ಗುಂಡನ್ನೂ ಕಲ್ಲು ಅಂತಲೇ ನುಂಗಿದವು. ಕಲ್ಲಿನ ಜೊತೆ ಸೀಸವೂ ಅರೆದು ಪುಡಿಯಾಗಿ ರಕ್ತಕ್ಕೆ ಹೋಯಿತು. ಕತ್ತು ಎತ್ತೋಕೂ ಆಗದೆ ಸತ್ತವು. 1987ರಲ್ಲಿ ಅಲ್ಲಿ ಗಾಳದ ಸೀಸದ ಗುಂಡು ನಿಷೇಧ ಆಯಿತು. ನಮ್ಮಲ್ಲೂ ಬಲೆಯ ಅಂಚಿಗೆ ಸೀಸದ ಮಣಿ ಕಟ್ಟುತ್ತಾರಲ್ಲ. ಹರಿದ ಬಲೆಯನ್ನು ಕೆರೆ ದಡದಲ್ಲೇ ಎಸೆದು ಹೋಗೋದನ್ನು ಕಂಡರೆ ನನಗೆ ಈಗ ಆ ಹಂಸಗಳೇ ನೆನಪಾಗುತ್ತವೆ.

ಪಾದರಸದ ಬಗ್ಗೆ ಜಪಾನಿನ ಮಿನಮಾಟಾ ಊರಿನ ಕತೆ ನೀವು ಕೇಳಿರಬಹುದು. ಕಾಯಿಲೆಯನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಅದಕ್ಕೂ ಮೊದಲೇ ಅಲ್ಲಿನ ಬೆಕ್ಕುಗಳು ಕುಣಿದಾಡಿದ ಹಾಗೆ ಒದ್ದಾಡಿ ಸಾಯುತ್ತಿದ್ದವು, ಕಾಗೆಗಳು ಹಾರುತ್ತಾ ಬೀಳುತ್ತಿದ್ದವು. ಫ್ಯಾಕ್ಟರಿ ನೀರಿನ ಪಾದರಸ ಸಣ್ಣ ಜೀವಿಗಳಿಂದ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗಿ, ಒಂದೊಂದು ಮೆಟ್ಟಿಲಿಗೂ ಹೆಚ್ಚಾಗುತ್ತಾ ಬಂದಿತ್ತು. ಮೀನು ತಿನ್ನುವ ಬೆಕ್ಕು ಮೊದಲು ಹೇಳಿತು, ಜನ ಆಮೇಲೆ ಕೇಳಿದರು.

ಇನ್ನು ನಮ್ಮ ಜಿಲ್ಲೆಗೆ ಹತ್ತಿರದ ಲೋಹ ಅಂದರೆ ತಾಮ್ರ. ಚಿತ್ರದುರ್ಗದ ಪಕ್ಕ ಇಂಗಳದಾಳ್‌ನಲ್ಲಿ ತಾಮ್ರದ ಗಣಿ ಇತ್ತು, ಈಗ ಮುಚ್ಚಿದೆ. ಹೆಚ್ಚಿನ ತಾಮ್ರದ ಗಣಿಗಳ ಸ್ವಭಾವ ಒಂದಿದೆ: ಅದಿರಿನ ಜೊತೆ ಗಂಧಕ ಇರುತ್ತದೆ. ಅಗೆದು ಹೊರಗೆ ಹಾಕಿದ ಕಲ್ಲಿಗೆ ಗಾಳಿ, ಮಳೆ ತಗುಲಿದರೆ ಗಂಧಕದ ಆಮ್ಲ ಆಗುತ್ತದೆ. ಅಂದರೆ ನಮ್ಮ ಬ್ಯಾಟರಿಯಲ್ಲಿ ಇರೋ ಆಸಿಡ್ಡೇ! ಅದು ಕಲ್ಲಿನ ಲೋಹವನ್ನು ಕರಗಿಸಿ ಹಳ್ಳಕ್ಕೆ ಇಳಿಸುತ್ತದೆ. ಗಣಿ ಮುಚ್ಚಿದ ಮಾತ್ರಕ್ಕೆ ಈ ಕೆಲಸ ನಿಲ್ಲಲ್ಲ. ನೀರಿಗೆ ಸೇರಿದ ತಾಮ್ರ ಸ್ವಲ್ಪವೇ ಆದರೂ ಮೀನಿನ ಕಿವಿರು ಕೆಡಿಸುತ್ತದೆ. ತಾಮ್ರದ ಚೊಂಬಿನ ನೀರು ಒಳ್ಳೇದು ಅಂತ ಕುಡಿಯುವ ನಮಗೆ ಇದು ನಂಬೋಕೆ ಕಷ್ಟ.

ಕುರಿ ಸಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ತಾಮ್ರವನ್ನು ಹೊರಗೆ ಹಾಕೋದು ಕುರಿಗೆ ಸರಿಯಾಗಿ ಬರಲ್ಲ, ಈಲಿಯಲ್ಲಿ ಕೂಡಿಡುತ್ತದೆ. ತಿಂಗಳುಗಟ್ಟಲೆ ಚೆನ್ನಾಗೇ ಇರುತ್ತದೆ. ಒಂದು ದಿನ ಅಷ್ಟೂ ರಕ್ತಕ್ಕೆ ಬಂದು, ಉಚ್ಚೆ ಕೆಂಪಗೆ ಹೋಗಿ, ಒಂದೆರಡು ದಿನದಲ್ಲಿ ಸಾಯುತ್ತದೆ. ದನಕ್ಕೆ ಅಂತ ತಂದ ಮಿನರಲ್ ಮಿಕ್ಸ್ಚರ್ ಅನ್ನು ಕುರಿಗೆ ಹಾಕಬೇಡಿ. ಅದರಲ್ಲಿ ತಾಮ್ರ ಜಾಸ್ತಿ ಇರುತ್ತದೆ.

ನಮ್ಮ ಕಡೆ ಜನ ಎಲ್ಲವನ್ನೂ ಇದೇ ಪಟ್ಟಿಗೆ ಸೇರಿಸುತ್ತಾರೆ, ಅದೂ ತಪ್ಪು. ಬೋರ್‌ವೆಲ್ ನೀರಿನ ಫ್ಲೋರೈಡ್ ಲೋಹವೇ ಅಲ್ಲ. ಕಬ್ಬಿಣದ ಅದಿರು ಲಾರಿ ಎಬ್ಬಿಸುವ ಕೆಂಪು ಧೂಳು ಅಡಿಕೆ ಗಿಡಕ್ಕೂ ಶ್ವಾಸಕ್ಕೂ ಕೆಟ್ಟದ್ದೇ, ಆದರೆ ಕಬ್ಬಿಣ ಸೀಸದ ಹಾಗೆ ಕೆಲಸ ಮಾಡಲ್ಲ.

ಫ್ಯಾಕ್ಟರಿ ಇಲ್ಲ ಅಂದಿರಲ್ಲ. ಒಂದು ಲೆಕ್ಕ ಹಾಕಿ ನೋಡಿ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಒಂದು ಗ್ರಾಂ ಸೀಸ ಪೂರ್ತಿ ಕರಗಿದರೆ ಒಂದು ಲಕ್ಷ ಲೀಟರ್ ನೀರು ಆ ಗೆರೆ ಮುಟ್ಟುತ್ತದೆ. ಲೋಹದ ತುಂಡು ಹಾಗೆ ಸುಲಭಕ್ಕೆ ಕರಗಲ್ಲ, ಸರಿ. ಆದರೆ ಬ್ಯಾಟರಿ ಆಸಿಡ್‌ನ ತಳದ ಕೆಸರಿನಲ್ಲಿ ಅದು ಪುಡಿಯಾಗಿಯೇ ಇರುತ್ತದೆ. ಗುಜರಿಗೆ ಹಾಕುವಾಗ ಕೆಲವರು ಆ ಆಸಿಡ್ಡನ್ನು ಚರಂಡಿಗೆ ಸುರಿದು ಡಬ್ಬ ಮಾತ್ರ ತೂಕಕ್ಕೆ ಇಡುತ್ತಾರೆ. ಮುಚ್ಚಿಡೋದು ಯಾಕೆ, ಶುರುವಿನ ಎರಡು ವರ್ಷ ನಾನೂ ಸುರಿದಿದ್ದೇನೆ. ಚರಂಡಿ ಎಲ್ಲಿಗೆ ಹೋಗುತ್ತದೆ ಅಂತ ಯೋಚನೆಯೇ ಮಾಡಿರಲಿಲ್ಲ. ಸೀಸ ಬೆರೆಸಿದ ಪೆಟ್ರೋಲ್ ನಮ್ಮಲ್ಲಿ ನಿಂತಿದ್ದು 2000ದಲ್ಲಿ. ಅದಕ್ಕೂ ಮೊದಲು ಹೊಗೆಯಲ್ಲಿ ಬಂದು ರಸ್ತೆ ಪಕ್ಕ ಬಿದ್ದ ಸೀಸವೂ ಎಲ್ಲೂ ಹೋಗಲ್ಲ, ಮೇಲ್ಮಣ್ಣಿಗೆ ಅಂಟಿಕೊಂಡೇ ಇರುತ್ತದೆ.

ಹಳೇ ಬ್ಯಾಟರಿಯನ್ನು ಅಂಗಡಿಯವರು ವಾಪಸ್ ತಗೋಬೇಕು ಅಂತ 2001ರಲ್ಲೇ ನಿಯಮ ಬಂದಿತ್ತು. 2022ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂತು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದಕ್ಕೆ ರೇಟು ಕೇಳಿ, ಆಸಿಡ್ ಸಮೇತ ಹಾಗೇ ಕೊಟ್ಟುಬಿಡಿ. ನನ್ನ ಅಂಗಡಿಯಲ್ಲಿ ಈಗ ಹಳೆಯದು ಕೈಗೆ ಬರದೆ ಹೊಸದನ್ನು ಗಾಡಿಗೆ ಏರಿಸಲ್ಲ. ಇದರಿಂದ ಎರಡು ಮೂರು ಗಿರಾಕಿ ತಪ್ಪಿದ್ದಾರೆ, ತಪ್ಪಲಿ.

ಮಾವನ ತಿಪ್ಪೆ ವಿಷಯಕ್ಕೆ ಬಂದರೆ, ಆ ದಿನವೇ ಕೈಗೆ ಸಿಕ್ಕಷ್ಟು ಪ್ಲೇಟು ಆರಿಸಿ, ಕೆಳಗಿನ ಮಣ್ಣನ್ನೂ ಕೆರೆದು ಚೀಲಕ್ಕೆ ತುಂಬಿದೆವು. ಆದರೆ ಹಿಂದಿನ ತಿಂಗಳೇ ನಾಲ್ಕು ಗಾಡಿ ಗೊಬ್ಬರ ಹೊಲಕ್ಕೆ ಹೋಗಿಯಾಗಿತ್ತು. ಸಗಣಿ, ಕಸ, ಬೂದಿ, ರವದಿ ಎಲ್ಲಾ ಕೊಳೆತು ಗೊಬ್ಬರ ಆದವು. ಪ್ಲೇಟಿನ ಚೂರು ಹಾಗೇ ಉಳಿಯಿತು. ಪ್ರತಿ ಸಲ ಉಳುಮೆ ಆದಾಗ ಒಂದೋ ಎರಡೋ ಮೇಲೆ ಬರುತ್ತವೆ. ಮಾವ ಅದನ್ನು ಹೆಕ್ಕಿ, ಕೊಟ್ಟಿಗೆ ಗೋಡೆಯ ಗೂಡಿನಲ್ಲಿಟ್ಟ ಸುಣ್ಣದ ಡಬ್ಬಿಗೆ ಹಾಕುತ್ತಾರೆ. ಮೊನ್ನೆ ಹೋದಾಗ ನನ್ನ ಕೈಗೆ ಆ ಡಬ್ಬಿ ಕೊಟ್ಟರು. ‘ನಿನ್ನ ಸಾಮಾನು ತಗಾ’ ಅಂದರು.