ಯೂನಿಯನ್ ಚಂದಾ ಕೇಳಿದ ತಮ್ಮನಿಗೆ

ತಮ್ಮಾ, ಕಾನ್ಸಾಸ್ ಸಿಟಿಯ ಮಿಸೌರಿ ಕಡೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು ಅಂದೆಯಲ್ಲ, ಖುಷಿಯಾಯಿತು. ಚಳಿಗೆ ಒಳ್ಳೆ ಬೂಟು ತಗೋ. ಬಾಡಿಗೆ ಮನೆ ವಿಚಾರ ಫೋನಿನಲ್ಲಿ ಮಾತಾಡೋಣ. "ಯೂನಿಯನ್ನಿಗೆ ದುಡ್ಡು ಯಾಕೆ ಕೊಡಬೇಕು ಅಕ್ಕಾ? ಕಾನ್ಸಾಸ್ ಕಡೆ ಇರೋ ಗೆಳೆಯ ಕೊಡಲ್ವಂತೆ" ಅಂತ ಕೇಳಿದ್ದೀಯ. ಅದಕ್ಕೆ ಮಾತ್ರ ಕೂತು ಬರೆಯುತ್ತೇನೆ.

ಅಮೆರಿಕದ ಈ ಊರಿನಲ್ಲಿ ಕಾನ್ಸಾಸ್, ಮಿಸೌರಿ ಎರಡು ರಾಜ್ಯಗಳ ನಡುವೆ ಒಂದು ರಸ್ತೆ, ಅಷ್ಟೇ. ಆಚೆ ಕಾನ್ಸಾಸ್‌ನವರು 1958ರಲ್ಲೇ ಮತ ಹಾಕಿ 'ರೈಟ್ ಟು ವರ್ಕ್' ತಂದುಕೊಂಡರು. ಹೆಸರು ನೋಡಿ ಯಾರೋ ಕೆಲಸ ಕೊಡುತ್ತಾರೆ ಅಂದುಕೊಳ್ಳಬೇಡ. ಯೂನಿಯನ್ನಿಗೆ ಕಾಸು ಕೊಡದೆಯೂ ಕೆಲಸದಲ್ಲಿ ಇರಬಹುದು, ಅಷ್ಟೇ ಅದರ ಅರ್ಥ. ಯೂನಿಯನ್ ಮಾತ್ರ ಕೊಡದವರ ಪರವಾಗಿಯೂ ನಿಲ್ಲಲೇಬೇಕು.

ನಾನು ಮೊದಲು ಸೇರಿದ್ದು ಆಚೆ ಕಡೆ, ಬ್ರೆಡ್ ಪ್ಯಾಕಿಂಗಿಗೆ. ಚಂದಾ ಕೊಡಲಿಲ್ಲ. 1980-81ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಲ್ಲಿ 77 ದಿನ ಮುಷ್ಕರ ನಡೆಯಿತಲ್ಲ, ಆಗ ಅಪ್ಪನಿಗೆ ಸಂಬಳವಿಲ್ಲ, ಅಮ್ಮನ ಬಳೆ ಗಿರವಿಗೆ ಹೋಯಿತು. ನನ್ನನ್ನು ವಿಮಾನ ಹತ್ತಿಸುವಾಗಲೂ ಅಮ್ಮ ಹೇಳಿದ್ದು, "ಯೂನಿಯನ್ ಗೀನಿಯನ್ ಸಹವಾಸ ಬೇಡ" ಅಂತ.

ಎರಡನೇ ವರ್ಷ ಒಂದು ರಾತ್ರಿ ಲೈನ್ ನಿಂತಿತು. ತಪ್ಪು ನನ್ನ ತಲೆಗೆ ಬಂತು. ಆಫೀಸಿಗೆ ಕರೆದಾಗ ಪಕ್ಕದಲ್ಲಿ ಬಂದು ಕೂತವರು ಯೂನಿಯನ್ ಸ್ಟೀವರ್ಡ್, ಅಂದರೆ ಕೆಲಸದ ಜಾಗದಲ್ಲಿ ಕೆಲಸಗಾರರ ಪರ ಮಾತಾಡುವ ಯೂನಿಯನ್ ಪ್ರತಿನಿಧಿ, ಅರವತ್ತು ದಾಟಿದ ಮನುಷ್ಯ. ಎರಡು ಗಂಟೆ ವಾದ ಮಾಡಿ ಕೆಲಸ ಉಳಿಸಿದರು. ಹೊರಗೆ ಬಂದು ತಮ್ಮ ಡಬ್ಬಿಯಿಂದ ಅರ್ಧ ಸ್ಯಾಂಡ್‌ವಿಚ್ ಕೊಟ್ಟರು. ಚಂದಾ ಕೊಟ್ಟಿದ್ದೀಯಾ ಅಂತ ಕೇಳಲೇ ಇಲ್ಲ. ಅದು ಗಂಟಲಲ್ಲಿ ಇಳಿಯಲಿಲ್ಲ. ಮುಂದಿನ ತಿಂಗಳು ಸೇರೋಣ ಅಂದುಕೊಂಡೇ ಇದ್ದೆ. ಅಷ್ಟರಲ್ಲಿ ಅವರು ರಿಟೈರ್ ಆಗಿ ಹೋದರು.

ಈಚೆ ಮಿಸೌರಿಯಲ್ಲೂ 2017ರಲ್ಲಿ ಶಾಸಕರು ಅದೇ ಕಾನೂನು ಪಾಸು ಮಾಡಿದರು. ಯೂನಿಯನ್‌ನವರು 3 ಲಕ್ಷಕ್ಕೂ ಜಾಸ್ತಿ ಸಹಿ ಮಾಡಿಸಿ, ಅದು ಜಾರಿಗೆ ಬರದಂತೆ ತಡೆದು, ಜನರ ಮತಕ್ಕೆ ತಂದರು. 2018ರ ಆಗಸ್ಟ್ 7ರಂದು ನೂರಕ್ಕೆ 67 ಮತ 'ಬೇಡ' ಅಂತ ಬಿತ್ತು. ಆಗ ನಾನು ಈ ಕಡೆಗೆ ಬಂದಾಗಿತ್ತು. ಆದರೆ ಇಂಡಿಯಾ ಪಾಸ್‌ಪೋರ್ಟ್ ಬಿಡಲು ಮನಸ್ಸಾಗದೆ ಗ್ರೀನ್ ಕಾರ್ಡಿನಲ್ಲೇ ಇದ್ದೆ. ಮತ ಎಲ್ಲಿಂದ ಬರಬೇಕು? ಮನೆ ಮನೆ ಸುತ್ತುವವರಿಗೆ ಚಿತ್ರಾನ್ನ ಮಾಡಿ ಕಳಿಸಿದೆ. ಖಾರ ಖಾರ ಅಂತಲೇ ಡಬ್ಬಿ ಖಾಲಿ ಮಾಡಿದರು.

ಹಾಗಾಗಿ ಈಚೆ ಕಡೆ ಯೂನಿಯನ್ ಒಪ್ಪಂದದಲ್ಲಿ ಬರೆದಿದ್ದರೆ ಕಾಸು ಕೊಡಲೇಬೇಕು. ನಿನ್ನ ಕಾರ್ಖಾನೆಯ ಒಪ್ಪಂದದಲ್ಲಿ ಏನಿದೆ ಅಂತ ಮೊದಲು ಕೇಳು. ಸದಸ್ಯನಾಗದೆ ಬರೀ ಶುಲ್ಕ ಕಟ್ಟಿಕೊಂಡಿರಲೂ ದಾರಿಯಿದೆ. ಆದರೆ ಸಂಬಳದ ಒಪ್ಪಂದಕ್ಕೆ ಮತ ಹಾಕುವ ದಿನ ಸಾಮಾನ್ಯವಾಗಿ ಹೊರಗೆ ನಿಲ್ಲಬೇಕಾಗುತ್ತದೆ. ಸ್ಟೀವರ್ಡ್ ಯಾರು ಅಂತ ಮೊದಲ ದಿನವೇ ತಿಳಿದುಕೋ. ಸೇರಿದರೆ ಅಮ್ಮನಿಗೆ ಈಗಲೇ ಹೇಳಬೇಡ. ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಾರೆ.